ದಿನಕ್ಕೆ ಆರೇ ಅಕ್ಷರ: ಕ್ಯಾಲಿಗ್ರಫಿ ಗುಂಪು ನಡೆಸಿದ ನನ್ನ ಅನುಭವ

ನಾವು ಕೆಲವರು ಸೇರಿ ನಡೆಸುತ್ತಿರುವ ಕ್ಯಾಲಿಗ್ರಫಿ ಗುಂಪಿನ ಕಾರ್ಯಾಗಾರಗಳಲ್ಲಿ ಒಂದು ದಿನಕ್ಕೆ ಆರು ಅಕ್ಷರಗಳಿಗಿಂತ ಹೆಚ್ಚು ಕಲಿಸುವ ಪದ್ಧತಿಯಿಲ್ಲ. ಹೊಸದಾಗಿ ಬಂದವರಿಗೆ ಇದು ಜಿಪುಣತನವೆಂದು ತೋರುವುದುಂಟು. ಇಡೀ ವರ್ಣಮಾಲೆಯನ್ನು ಒಂದೇ ದಿನದಲ್ಲಿ ಬರೆಸಿ, ಸಂಜೆಗೆ ಚೌಕಟ್ಟು ಹಾಕಿಸಬಹುದಾದ ಫಲಕವೊಂದನ್ನು ಕೈಗಿತ್ತು ಕಳುಹಿಸುವ ಕಾರ್ಯಾಗಾರಗಳು ಬೇಕಾದಷ್ಟಿವೆ. ಅವುಗಳ ಬಗ್ಗೆ ನನಗೆ ದೂರಿಲ್ಲ. ಆದರೆ ನಿಬ್ಬಿನ ಹಿಡಿತವನ್ನೂ ಅಕ್ಷರದ ರೂಪವನ್ನೂ ಮನೆಯಲ್ಲಿ ಒಬ್ಬರೇ ಕುಳಿತು, ಪುಸ್ತಕವನ್ನೋ ವಿಡಿಯೊವನ್ನೋ ಮುಂದಿಟ್ಟುಕೊಂಡು ಕಲಿಯಲು ಸಾಧ್ಯವಿದೆ. ಅಕ್ಷರ ಮತ್ತು ಅಕ್ಷರದ ನಡುವಿನ ಜಾಗವನ್ನು ನೋಡಲು ಕಲಿಯುವುದಕ್ಕೆ ಮಾತ್ರ ಇನ್ನೊಬ್ಬರ ಕಣ್ಣು ಬೇಕು, ಏಕೆಂದರೆ ತಾನು ಬರೆದ ಪದವನ್ನು ಯಾರೂ ಸುಲಭವಾಗಿ ಹೊರಗಿನಿಂದ ನೋಡಲಾರರು. ನಾಲ್ಕು ಜನ ಒಂದೆಡೆ ಸೇರಿದಾಗ ಮಾಡಬೇಕಾದ ಕೆಲಸ ಇದೇ ಎಂದು ನಂಬಿರುವುದರಿಂದ, ಅಕ್ಷರಗಳ ಸಂಖ್ಯೆಯನ್ನು ಇಳಿಸಿ, ಉಳಿಸಿದ ಸಮಯವನ್ನೆಲ್ಲ ಪದಗಳಿಗೆ ಮತ್ತು ಅವುಗಳ ಪರಿಶೀಲನೆಗೆ ಕೊಡುತ್ತ ಬಂದಿದ್ದೇವೆ.

ಲ್ಯಾಟಿನ್ ಲಿಪಿಯಲ್ಲಿ ನಾವು ಆರಂಭಿಸುವುದು ಫೌಂಡೇಶನಲ್ ಎಂಬ, ವಾಲದೆ ನೆಟ್ಟಗೆ ನಿಲ್ಲುವ ದುಂಡಕ್ಷರದ ಶೈಲಿಯಿಂದ. ಇದರ ಹಿಂದಿರುವವರು ಎಡ್ವರ್ಡ್ ಜಾನ್‌ಸ್ಟನ್ (1872–1944). ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಹಳೆಯ ಹಸ್ತಪ್ರತಿಗಳನ್ನು ಗಂಟೆಗಟ್ಟಲೆ ನೋಡಿ, ಚಪ್ಪಟೆ ತುದಿಯ ಲೇಖನಿಯನ್ನು ಹೇಗೆ ಕತ್ತರಿಸುತ್ತಿದ್ದರು, ಯಾವ ಕೋನದಲ್ಲಿ ಹಿಡಿಯುತ್ತಿದ್ದರು ಎಂಬುದನ್ನು ಅಕ್ಷರಗಳ ದಪ್ಪ ಮತ್ತು ತೆಳುವಿನಿಂದಲೇ ಅವರು ಮರಳಿ ಕಂಡುಕೊಂಡರು. 1899ರಲ್ಲಿ ಲಂಡನ್ನಿನ ಸೆಂಟ್ರಲ್ ಸ್ಕೂಲ್ ಆಫ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್‌ನಲ್ಲಿ ಪಾಠ ಆರಂಭಿಸಿದ ಅವರು, ಹತ್ತನೆಯ ಶತಮಾನದ ಕೊನೆಯ ಭಾಗದ ರಾಮ್ಸೆ ಸಾಲ್ಟರ್ ಎಂಬ ಪ್ರಾರ್ಥನಾ ಹಸ್ತಪ್ರತಿಯ ಬರಹವನ್ನು ಮಾದರಿಯಾಗಿಟ್ಟುಕೊಂಡು ಈ ಶೈಲಿಯನ್ನು ರೂಪಿಸಿದರು. ಅವರ ಶಿಷ್ಯರು 1921ರಲ್ಲಿ ಸೊಸೈಟಿ ಆಫ್ ಸ್ಕ್ರೈಬ್ಸ್ ಅಂಡ್ ಇಲ್ಯೂಮಿನೇಟರ್ಸ್ ಎಂಬ ಸಂಘವನ್ನು ಕಟ್ಟಿದರು. ಈ ಇತಿಹಾಸವನ್ನು ಮೊದಲ ದಿನವೇ ಹೇಳಲು ನನಗೊಂದು ಕಾರಣವಿದೆ: ಮಾದರಿ ಹಾಳೆಯನ್ನು ನೋಡಿ ಅಕ್ಷರದ ಹೊರಗೆರೆಯನ್ನು ನಕಲು ಮಾಡುವವರಿಗೂ, ಲೇಖನಿ ಅಲ್ಲಿ ಏನು ಮಾಡಿತು ಎಂದು ಕೇಳಿಕೊಳ್ಳುವವರಿಗೂ ನಡುವೆ ಇರುವ ಅಂತರ ಅದರಿಂದ ತಟ್ಟನೆ ತಿಳಿಯುತ್ತದೆ. ಇಟಾಲಿಕ್ ಶೈಲಿ ಹೆಚ್ಚು ಚೆಲುವಾಗಿ ಕಾಣುವುದರಿಂದ ಅದನ್ನೇ ಮೊದಲು ಕಲಿಸಿ ಎಂಬ ಬೇಡಿಕೆ ಆಗಾಗ ಬರುತ್ತದೆ. ನಾನು ಒಪ್ಪುವುದಿಲ್ಲ. ಇಟಾಲಿಕ್‌ನಲ್ಲಿ ನಿಬ್ಬಿನ ಕೋನದ ಜೊತೆಗೆ ಅಕ್ಷರದ ವಾಲಿಕೆಯನ್ನೂ ಕಾಯ್ದುಕೊಳ್ಳಬೇಕಾಗುತ್ತದೆ. ಎರಡು ಹೊರೆಯನ್ನು ಒಂದೇ ದಿನ ಹೊರಿಸಿದರೆ ಜಾಗವನ್ನು ನೋಡುವ ವ್ಯವಧಾನ ಯಾರಲ್ಲೂ ಉಳಿಯುವುದಿಲ್ಲ.

ಮೊದಲ ಗಂಟೆಯಲ್ಲಿ ಮಸಿಯನ್ನು ಮುಟ್ಟಿಸದೆ, ಎರಡು ಪೆನ್ಸಿಲ್‌ಗಳನ್ನು ರಬ್ಬರ್ ಬ್ಯಾಂಡಿನಿಂದ ಜೋಡಿಸಿ ಬರೆಸುತ್ತೇವೆ. ಎರಡು ತುದಿಗಳು ನಿಬ್ಬಿನ ಎರಡು ಮೂಲೆಗಳಂತೆ ಕೆಲಸ ಮಾಡುವುದರಿಂದ, ದಪ್ಪ ಎಲ್ಲಿಂದ ಬರುತ್ತದೆ, ತೆಳು ಎಲ್ಲಿ ಹುಟ್ಟುತ್ತದೆ ಎಂಬುದು ಎರಡು ಗೆರೆಗಳ ನಡುವಿನ ಬಿಳುಪಿನಲ್ಲಿ ಬಿಡಿಸಿಟ್ಟಂತೆ ಕಾಣುತ್ತದೆ. ತುದಿಗಳನ್ನು ಬರೆಯುವ ಗೆರೆಗೆ 30 ಡಿಗ್ರಿ ಕೋನದಲ್ಲಿ ಹಿಡಿದು ವೃತ್ತವೊಂದನ್ನು ಎಳೆದರೆ, ಗಡಿಯಾರದ 11 ಮತ್ತು 5 ಇರುವ ಜಾಗಗಳಲ್ಲಿ ಗೆರೆಗಳೆರಡೂ ಕೂಡಿ ಒಂದಾಗುತ್ತವೆ. 2 ಮತ್ತು 8ರ ಜಾಗದಲ್ಲಿ ಅತಿ ದೂರ ಸರಿಯುತ್ತವೆ. ತೆಳುವಾದ ಜಾಗ ಸರಿಯಾಗಿ ಮೇಲ್ತುದಿಗೆ ಬಂದಿದ್ದರೆ ಕೈ ಚಪ್ಪಟೆಯಾಗಿ ತಿರುಗಿದೆ ಎಂದರ್ಥ. ಇದನ್ನು ಪಕ್ಕದವರ ಹಾಳೆಯಲ್ಲಿ ಪತ್ತೆ ಹಚ್ಚುವುದು ಕಲಿಯಲು ಬಂದವರಿಗೆ ನಾವು ಕೊಡುವ ಮೊದಲ ಪರಿಶೀಲನೆಯ ಕೆಲಸ.

ಆಮೇಲೆ ಗೆರೆ ಹಾಕುವ ಕೆಲಸ. ಅಚ್ಚು ಹಾಕಿದ ಗೆರೆಹಾಳೆಗಳನ್ನು ಹಂಚಿದರೆ ಸಮಯ ಉಳಿಯುತ್ತದೆಂದು ಗುಂಪಿನಲ್ಲೇ ಕೆಲವರು ವಾದಿಸುತ್ತಾರೆ. ನಾನು ಇನ್ನೂ ಮಣಿದಿಲ್ಲ. ಬರಹದ ಎತ್ತರವನ್ನು ನಿಶ್ಚಯಿಸುವುದು ಮಿಲಿಮೀಟರ್ ಅಲ್ಲ, ನಿಬ್ಬಿನ ಅಗಲ. ನಿಬ್ಬಿನ ತುದಿಯನ್ನು ನೆಟ್ಟಗೆ ನಿಲ್ಲಿಸಿ, ಅಡ್ಡಕ್ಕೆ ಚಿಕ್ಕ ಚೌಕಗಳನ್ನು ಒಂದರ ಮೂಲೆಗೆ ಇನ್ನೊಂದು ತಾಗುವಂತೆ ಮೆಟ್ಟಿಲಾಗಿ ಏರಿಸಬೇಕು. ಫೌಂಡೇಶನಲ್‌ಗೆ ಸಾಮಾನ್ಯವಾಗಿ ನಾಲ್ಕು ಮೆಟ್ಟಿಲು, ಇಟಾಲಿಕ್‌ಗೆ ಐದು. ಒಂದೇ ಅಳತೆಯೆಂದು ಹೇಳಿಕೊಳ್ಳುವ ಬೇರೆ ಬೇರೆ ತಯಾರಕರ ನಿಬ್ಬುಗಳು ಕಾಗದದ ಮೇಲೆ ಒಂದೇ ಅಗಲದ ಗೆರೆ ಕೊಡುವುದಿಲ್ಲವಾದ್ದರಿಂದ, ಇನ್ನೊಬ್ಬರ ಗೆರೆಹಾಳೆಯ ಮೇಲೆ ಬರೆದವರ ಅಕ್ಷರ ಒಂದೋ ಉಸಿರುಗಟ್ಟಿದಂತೆ ಕಪ್ಪಾಗುತ್ತದೆ, ಇಲ್ಲವೇ ಸೊರಗುತ್ತದೆ. ತಪ್ಪು ಕೈಯದೆಂದು ಅವರು ತಿಳಿಯುತ್ತಾರೆ. ತಾವೇ ಮೆಟ್ಟಿಲು ಹಾಕಿ, ತಾವೇ ಗೆರೆ ಎಳೆದುಕೊಂಡವರು ಮನೆಗೆ ಹೋದ ಮೇಲೂ ಬರೆಯುವುದನ್ನು ಮುಂದುವರಿಸುತ್ತಾರೆ ಎಂಬುದನ್ನು ಗಮನಿಸಿದ್ದೇನೆ.

ಸಲಕರಣೆಯ ಮಾತನ್ನು ನಾನು ಬೇಗ ಮುಗಿಸುತ್ತೇನೆ, ಏಕೆಂದರೆ ಅದಕ್ಕೆ ಬಿಟ್ಟುಕೊಟ್ಟರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಹೊಸ ಲೋಹದ ನಿಬ್ಬಿನ ಮೇಲೆ ತುಕ್ಕು ಹಿಡಿಯದಂತೆ ಹಚ್ಚಿದ ಎಣ್ಣೆಯ ಪದರವಿರುವುದರಿಂದ ಅದನ್ನು ಸೋಪಿನ ನೀರಿನಲ್ಲಿ ತೊಳೆದು ಒರೆಸದಿದ್ದರೆ ಮಸಿ ಹನಿಹನಿಯಾಗಿ ಜಾರುತ್ತದೆ. ಅರಗು ಬೆರೆತ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ಹಾಕಿದರೆ ಒಳಗೆ ಒಣಗಿ ಕಟ್ಟಿಕೊಳ್ಳುತ್ತದೆ. ಅದು ಅದ್ದಿ ಬರೆಯುವ ನಿಬ್ಬಿಗೆ ಮಾತ್ರ ಸರಿ. ಗ್ವಾಷ್ ಎಂಬ ಅಪಾರದರ್ಶಕ ಜಲವರ್ಣವನ್ನು ನೀರಿನಲ್ಲಿ ಕಲಸಿ ಹಾಲಿನ ಹದಕ್ಕೆ ತಂದು, ನಿಬ್ಬನ್ನು ಅದ್ದುವ ಬದಲು ಕುಂಚದಿಂದ ಅದರ ಬೆನ್ನಿಗೆ ತುಂಬಿಸಿದರೆ ಗೆರೆಯ ಅಂಚು ಚೊಕ್ಕಟವಾಗಿ ಬರುತ್ತದೆ. ಕಾಗದವನ್ನು ಹೆಸರು ನೋಡಿ ಕೊಳ್ಳದೆ, ಒಂದು ತೆಳುಗೆರೆ ಎಳೆದು ಮಸಿ ಹರಡುತ್ತದೆಯೇ ಎಂದು ನೋಡಿ ಕೊಳ್ಳಬೇಕು. ಚಪ್ಪಟೆ ತುದಿಯ ಫೌಂಟನ್ ಪೆನ್ನಾದ ಪೈಲಟ್ ಪ್ಯಾರಲಲ್‌ನ 3.8 ಮಿಲಿಮೀಟರ್ ಅಳತೆಯದನ್ನು ಆರಂಭಿಕರಿಗೆ ಸೂಚಿಸುತ್ತೇನೆ. ಅದ್ದುವ ಗೋಜಿಲ್ಲ, ಅಕ್ಷರವೂ ದೊಡ್ಡದಾಗಿ ಬರುತ್ತದೆ, ದೊಡ್ಡ ಅಕ್ಷರದಲ್ಲಿ ದೋಷ ಅಡಗಿಕೊಳ್ಳುವುದಿಲ್ಲ.

ಬರೆದು ತೋರಿಸುವಾಗ ಎದುರು ಕುಳಿತವರಿಗೆ ಎಲ್ಲವೂ ತಲೆಕೆಳಗಾಗಿ ಕಾಣುವುದರಿಂದ, ಅವರು ನನ್ನ ಹೆಗಲ ಹಿಂದೆ ಬಂದು ನಿಲ್ಲುವಂತೆ ಕೇಳಿಕೊಳ್ಳುತ್ತೇನೆ. ಜನ ಹೆಚ್ಚಿದ್ದರೆ ಮೇಲಿನಿಂದ ಮೊಬೈಲ್ ಕ್ಯಾಮೆರಾ ತೂಗಿಬಿಟ್ಟು ಪರದೆಯ ಮೇಲೆ ತೋರಿಸುವುದೂ ಉಂಟು. ಆದರೂ ಹೆಗಲ ಹಿಂದಿನ ನೋಟಕ್ಕೆ ಸಮನಾದುದಿಲ್ಲ: ಮೊಣಕೈ ಎಷ್ಟು ಚಲಿಸುತ್ತದೆ, ಬೆರಳು ಎಷ್ಟು ಕಡಿಮೆ ಚಲಿಸುತ್ತದೆ ಎಂಬುದನ್ನು ಪರದೆ ತೋರಿಸುವುದಿಲ್ಲ. ಎಡಗೈಯವರನ್ನು ಮೇಜಿನ ಎಡ ತುದಿಯಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದು ತಪ್ಪುತ್ತದೆ. ಅವರಿಗಾಗಿ ತುದಿಯನ್ನು ಓರೆಯಾಗಿ ಕತ್ತರಿಸಿದ ನಿಬ್ಬುಗಳು ದೊರೆಯುತ್ತವೆ. ಅವಿಲ್ಲದಿದ್ದರೆ ಹಾಳೆಯನ್ನು ತಿರುಗಿಸಿಕೊಂಡು ಕೋನವನ್ನು ಹೊಂದಿಸಿಕೊಳ್ಳಬಹುದು. ಬಲಗೈಯವರಿಗೆ ತಾನಾಗಿ ಒದಗುವ ಕೋನವನ್ನು ಅವರು ಯೋಚಿಸಿ ಪಡೆಯಬೇಕಾಗುವುದರಿಂದಲೋ ಏನೋ, ನಮ್ಮ ಗುಂಪಿನಲ್ಲಿ ಕೋನದ ಬಗ್ಗೆ ಅತಿ ಸ್ಪಷ್ಟವಾಗಿ ಮಾತನಾಡಬಲ್ಲವರು ಎಡಗೈಯವರೇ.

ಲ್ಯಾಟಿನ್‌ನ ಮೊದಲ ದಿನಕ್ಕೆ ನಾವು ಆರಿಸಿಕೊಳ್ಳುವ ಆರು ಸಣ್ಣಕ್ಷರಗಳು ಓ, ಸಿ, ಇ, ಎನ್, ಐ ಮತ್ತು ಎಲ್. ಮೊದಲ ಮೂರು ಒಂದೇ ವೃತ್ತದ ಮೇಲೆ ನಿಂತವು, ಉಳಿದವು ನೇರ ಕಂಬದವು. ಲೈನ್, ಲಯನ್, ಒನ್ಸ್, ನೈಸ್ ಮುಂತಾದ ಪದಗಳನ್ನು ಇಷ್ಟರಿಂದಲೇ ಬರೆಯಬಹುದಾದ್ದರಿಂದ ಮಧ್ಯಾಹ್ನದ ಹೊತ್ತಿಗೆ ಅಂತರದ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಎರಡು ನೇರ ಕಂಬಗಳ ನಡುವೆ ಹೆಚ್ಚು ಜಾಗ, ಕಂಬ ಮತ್ತು ದುಂಡಿನ ನಡುವೆ ಸ್ವಲ್ಪ ಕಡಿಮೆ, ಎರಡು ದುಂಡುಗಳ ನಡುವೆ ಅತಿ ಕಡಿಮೆ ಎಂಬ ಸೂತ್ರವನ್ನು ಬಾಯಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಬರೆದ ಪದದಲ್ಲಿ ಅದು ಇರುವುದಿಲ್ಲ. ಹಾಗಾಗಿ ಸೂತ್ರವನ್ನು ಕೊನೆಗೆ ಹೇಳಿ, ಮೊದಲು ಒಂದು ಕಾಗದದ ಕಿಟಕಿಯನ್ನು ಕೊಡುತ್ತೇವೆ. ಮೂರು ಅಕ್ಷರಗಳು ಮಾತ್ರ ಕಾಣುವಷ್ಟು ಕತ್ತರಿಸಿದ ಆ ಕಿಟಕಿಯನ್ನು ಪದದ ಮೇಲೆ ಸರಿಸುತ್ತ ಹೋಗಿ, ನಡುವಿನ ಅಕ್ಷರ ಎರಡು ನೆರೆಯವರ ಮಧ್ಯದಲ್ಲಿ ನಿಂತಿದೆಯೇ, ಒಂದರ ಕಡೆಗೆ ಒರಗಿದೆಯೇ ಎಂದು ಕೇಳಿಕೊಳ್ಳಬೇಕು. ಪದದ ಅರ್ಥ ಮರೆಯಾದ ಕೂಡಲೇ ಕಣ್ಣು ಜಾಗವನ್ನು ಅಳೆಯಲು ತೊಡಗುತ್ತದೆ. ಹಾಳೆಯನ್ನು ತಲೆಕೆಳಗು ಮಾಡಿ ನೋಡುವುದೂ ಇದೇ ಉಪಾಯದ ಇನ್ನೊಂದು ರೂಪ.

ದಿನದ ಕೊನೆಯ ಭಾಗ ಗೋಡೆಯ ಪರಿಶೀಲನೆಗೆ ಮೀಸಲು. ಎಲ್ಲರ ಹಾಳೆಗಳನ್ನೂ ಹೆಸರಿಲ್ಲದೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡುತ್ತೇವೆ. ಇಲ್ಲಿ ಗುಂಪು ಕಾಲಕ್ರಮದಲ್ಲಿ ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡಿದೆ. ಚೆನ್ನಾಗಿದೆ ಎನ್ನುವಂತಿಲ್ಲ, ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ಹೇಳಬೇಕು. ಕಣ್ಣು ಹೋದ ಜಾಗ ಸಾಮಾನ್ಯವಾಗಿ ಕಪ್ಪಾಗಿ ಗಂಟುಕಟ್ಟಿದ ಜಾಗವಾಗಿರುತ್ತದೆ ಅಥವಾ ತೂತು ಬಿದ್ದಂತೆ ಬಿಳುಪು ಸುರಿದ ಜಾಗವಾಗಿರುತ್ತದೆ, ಎರಡೂ ಅಂತರದ ದೋಷಗಳೇ. ಬರೆದವರು ಎಲ್ಲರ ಮಾತು ಮುಗಿಯುವವರೆಗೆ ಸುಮ್ಮನಿರಬೇಕು. ಇದು ಶಿಷ್ಟಾಚಾರಕ್ಕಾಗಿ ಮಾಡಿದ ನಿಯಮವಲ್ಲ: ಬರೆದವರು ಮಸಿ ಸರಿಯಿರಲಿಲ್ಲ, ಕಾಗದ ಜಾರುತ್ತಿತ್ತು ಎಂದು ವಿವರಿಸತೊಡಗಿದರೆ ನೋಡುವವರು ನೋಡುವುದನ್ನು ನಿಲ್ಲಿಸಿ ಸಮಾಧಾನ ಹೇಳಲು ಶುರುಮಾಡುತ್ತಾರೆ. ಹಳೆಯ ಸದಸ್ಯರ ಹಾಳೆಗಳೂ ಅದೇ ಗೋಡೆಯ ಮೇಲೆ ಇರುತ್ತವೆ. ಹತ್ತು ವರ್ಷ ಬರೆದವರ ಸಾಲಿನಲ್ಲಿ ಇಕ್ಕಟ್ಟಾದ ಜಾಗವೊಂದನ್ನು ಅಂದೇ ನಿಬ್ ಹಿಡಿದವರು ಗುರುತಿಸುವುದು ಅಪರೂಪವೇನಲ್ಲ. ಬರೆಯುವ ಕೈಗಿಂತ ನೋಡುವ ಕಣ್ಣು ಬೇಗ ಪಳಗುತ್ತದೆ.

ಕನ್ನಡ ಲಿಪಿಯ ಕಾರ್ಯಾಗಾರಗಳಲ್ಲಿ ಈ ಸೂತ್ರಗಳು ಅರ್ಧಕ್ಕರ್ಧ ಕೈಕೊಡುತ್ತವೆ, ನನಗೆ ಅತಿ ಹೆಚ್ಚು ಆಸಕ್ತಿಯಿರುವುದೂ ಇಲ್ಲಿಯೇ. ಕನ್ನಡದ ಅಕ್ಷರಗಳಲ್ಲಿ ನೇರ ಕಂಬಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ; ದುಂಡಿನ ಪಕ್ಕ ದುಂಡು ಕುಳಿತಿರುತ್ತದೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ಬರಹದಲ್ಲಿ ಗೆರೆಯ ದಪ್ಪ ಎಲ್ಲೆಡೆ ಒಂದೇ ಆಗಿರುವುದರಿಂದ, ಚಪ್ಪಟೆ ನಿಬ್ಬಿಗೆ ಯಾವ ಕೋನ ಸರಿ ಎಂಬುದಕ್ಕೆ ಆ ಪರಂಪರೆ ಉತ್ತರ ಕೊಡುವುದಿಲ್ಲ. ನಾವು ಪ್ರಯೋಗ ಮಾಡಿ ನೋಡಿದೆವು. ನಿಬ್ಬನ್ನು 45 ಡಿಗ್ರಿಗೆ ಏರಿಸಿದರೆ ತಲಕಟ್ಟಿನ ಮೇಲೇಳುವ ತುದಿ ನಿಬ್ಬಿನ ಅಂಚಿನ ದಿಕ್ಕಿನಲ್ಲೇ ಸಾಗುವುದರಿಂದ ಕೂದಲೆಳೆಯಷ್ಟು ತೆಳುವಾಗುತ್ತದೆ, ಅಕ್ಷರಕ್ಕೆ ತಲೆಯೇ ಇಲ್ಲದಂತೆ ಕಾಣುತ್ತದೆ. 20ಕ್ಕೆ ಇಳಿಸಿದರೆ ಆ ತುದಿಗೆ ತೂಕ ಬರುತ್ತದೆ, ಆದರೆ ಅಡ್ಡಗೆರೆಗಳು ಬಡವಾಗುತ್ತವೆ. ಸದ್ಯಕ್ಕೆ 30ರ ಆಸುಪಾಸಿನಲ್ಲಿ ನೆಲೆನಿಂತಿದ್ದೇವೆ. ಅಕ್ಷರದ ಎತ್ತರವನ್ನು ಐದು ನಿಬ್ ಅಗಲಕ್ಕೆ ಇಟ್ಟುಕೊಂಡಿದ್ದೇವೆ, ಏಕೆಂದರೆ ನಾಲ್ಕಕ್ಕೆ ಇಳಿದರೆ ಅ, ಜ, ಣ ಇವುಗಳ ಸುರುಳಿಯೊಳಗಿನ ಬಿಳುಪು ಮುಚ್ಚಿಹೋಗುತ್ತದೆ.

ಕನ್ನಡದ ಮೊದಲ ದಿನದ ಆರು ಅಕ್ಷರಗಳು ರ, ದ, ವ, ಪ, ಬ, ಲ. ವರ್ಣಮಾಲೆಯ ಕ್ರಮವನ್ನು ಬಿಟ್ಟು ಇವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ: ಮೊದಲ ನಾಲ್ಕಕ್ಕೆ ತಲಕಟ್ಟಿದೆ, ಕೊನೆಯ ಎರಡಕ್ಕೆ ಇಲ್ಲ. ಪದ, ವರ, ದರ ಎಂದು ಬರೆದಾಗ ತಲಕಟ್ಟುಗಳು ಮೇಲೆ ಒಂದು ಸಾಲಾಗಿ ಕುಳಿತು ಪದವನ್ನು ಹಿಡಿದುಕೊಳ್ಳುತ್ತವೆ. ಬಲ ಎಂದು ಬರೆದಾಗ ಆ ಸಾಲೇ ಇರುವುದಿಲ್ಲ. ಬರ ಎಂದು ಬರೆದಾಗ ಅರ್ಧಕ್ಕೆ ಶುರುವಾಗುತ್ತದೆ. ತಲಕಟ್ಟಿನ ತುದಿ ಬಲಕ್ಕೆ ಚಾಚಿಕೊಂಡು ಮುಂದಿನ ಅಕ್ಷರದ ಜಾಗವನ್ನು ಆಕ್ರಮಿಸುವುದರಿಂದ, ತಳಭಾಗದ ದುಂಡುಗಳನ್ನು ಸಮಾನ ದೂರದಲ್ಲಿಟ್ಟರೆ ಮೇಲ್ಭಾಗ ಇಕ್ಕಟ್ಟಾಗುತ್ತದೆ, ಮೇಲ್ಭಾಗವನ್ನು ಸರಿಮಾಡಿದರೆ ತಳದಲ್ಲಿ ಬಿಳುಪು ಹೆಚ್ಚುತ್ತದೆ. ಇದಕ್ಕೆ ಒಂದೇ ಪರಿಹಾರವಿಲ್ಲ. ಗುಂಪಿನಲ್ಲಿ ಒಬ್ಬರು ತಲಕಟ್ಟನ್ನು ಮೊಟಕು ಮಾಡುತ್ತಾರೆ, ಇನ್ನೊಬ್ಬರು ಅದನ್ನು ನೆಟ್ಟಗೆ ಏರಿಸುತ್ತಾರೆ, ಮತ್ತೊಬ್ಬರು ಮುಂದಿನ ಅಕ್ಷರದ ತಲೆಗೆ ಅದನ್ನು ತಾಗಿಸಿಯೇ ಬಿಡುತ್ತಾರೆ. ಮೂರನ್ನೂ ಗೋಡೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಒಂಟಿಯಾಗಿ ಬರೆಯುವವರಿಗೆ ದೊರೆಯುವುದಿಲ್ಲ.

ಸಾಲುಗಳ ನಡುವಿನ ಅಂತರಕ್ಕಾಗಿ ಪ್ರತ್ಯೇಕ ಕಾರ್ಯಾಗಾರವನ್ನೇ ನಡೆಸಬೇಕಾಯಿತು. ಕೆಳಗೆ ಒತ್ತಕ್ಷರ, ಮೇಲೆ ಗುಡಿಸು; ಮೇಲಿನ ಸಾಲಿನ ಒತ್ತು ಇಳಿದುಬರುವ ಜಾಗದಲ್ಲೇ ಕೆಳಗಿನ ಸಾಲಿನ ಗುಡಿಸು ಎದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಸ್ತ್ರೀ, ರಾಷ್ಟ್ರ, ಶಾಸ್ತ್ರ ಇಂಥ ಪದಗಳಲ್ಲಿ ಒತ್ತಿಗೆ ಒತ್ತು ಜೋತುಬಿದ್ದಿರುವುದರಿಂದ ಕಷ್ಟ ಇಮ್ಮಡಿಸುತ್ತದೆ. ಸಾಲುಗಳನ್ನು ದೂರ ದೂರ ಇಟ್ಟುಬಿಟ್ಟರೆ ಡಿಕ್ಕಿ ತಪ್ಪುತ್ತದೆ ನಿಜ, ಆದರೆ ಒತ್ತುಗಳಿಲ್ಲದ ಸಾಲಿನ ಕೆಳಗೆ ಬೀದಿಯಂಥ ಬಿಳುಪು ತೆರೆದುಕೊಂಡು ಪುಟ ಒಡೆಯುತ್ತದೆ. ಈ ಕಾರ್ಯಾಗಾರದಲ್ಲಿ ಒಂದೇ ಗದ್ಯಭಾಗವನ್ನು ಎಲ್ಲರಿಗೂ ಕೊಟ್ಟು, ಪದಗಳನ್ನು ಬದಲಿಸದೆ ಸಾಲು ಮುರಿಯುವ ಜಾಗವನ್ನಷ್ಟೇ ಬದಲಿಸಿ, ಒತ್ತುಗಳು ಕೆಳಗಿನ ಸಾಲಿನ ತಗ್ಗುಗಳಲ್ಲಿ ಬೀಳುವಂತೆ ಹೊಂದಿಸಲು ಹೇಳುತ್ತೇವೆ. ಪೆನ್ಸಿಲಿನಲ್ಲಿ ಬರೆದ ಸಾಲುಗಳನ್ನು ಪಟ್ಟಿಗಳಾಗಿ ಕತ್ತರಿಸಿ ಮೇಜಿನ ಮೇಲೆ ಸರಿಸಾಡುವುದರಲ್ಲಿ ಒಂದು ಗಂಟೆ ಹೋಗುತ್ತದೆ. ಆ ಗಂಟೆ ವ್ಯರ್ಥವೆಂದು ಈವರೆಗೆ ಯಾರೂ ಹೇಳಿಲ್ಲ. ಧರ್ಮ, ವರ್ಷ ಮುಂತಾದ ಪದಗಳಲ್ಲಿ ಅರ್ಕಾವತ್ತನ್ನು ಪಕ್ಕಕ್ಕೆ ಬರೆದರೆ ಕೆಳಗಿನ ಜಾಗ ಖಾಲಿಯಾಗಿ ಉಳಿಯುತ್ತದೆ, ರಕಾರದ ಕೆಳಗೆ ಒತ್ತು ಕೊಟ್ಟು ಬರೆದರೆ ಅಗಲ ಉಳಿಯುತ್ತದೆ. ಬರೆಯುವವರ ಕೈಗೆ ಲಿಪಿಯೇ ಕೊಟ್ಟಿರುವ ಈ ಆಯ್ಕೆಯನ್ನು ಅಲ್ಲಿ ಲಾಭಕ್ಕೆ ಬಳಸಿಕೊಳ್ಳುತ್ತೇವೆ. ಒಂದೇ ಹಾಳೆಯಲ್ಲಿ ಎರಡೂ ರೂಪ ಬರಬಾರದು ಎಂದು ಕೆಲವರು ಹಟ ಹಿಡಿಯುತ್ತಾರೆ. ನಾನು ಅಷ್ಟು ಕಟ್ಟುನಿಟ್ಟಿನವನಲ್ಲ.

ಹೊರಗಿನಿಂದ ಶಿಕ್ಷಕರನ್ನು ಕರೆಸುವ ಕಾರ್ಯಾಗಾರಗಳೂ ನಡೆಯುತ್ತವೆ. ಮೊನಚು ನಿಬ್ಬಿನ ಕಾಪರ್‌ಪ್ಲೇಟ್, ಚಪ್ಪಟೆ ಕುಂಚದ ರೋಮನ್ ದೊಡ್ಡಕ್ಷರ, ಬಿದಿರಿನ ಲೇಖನಿ ಕತ್ತರಿಸುವುದು, ಒಂದೇ ಹಾಳೆಯನ್ನು ಮಡಿಚಿ ಪುಸ್ತಕ ಮಾಡುವುದು ಹೀಗೆ ವಿಷಯಗಳು ಬದಲಾಗುತ್ತವೆ. ಅಂಥ ಕಾರ್ಯಾಗಾರದ ಉತ್ಸಾಹ ಬೇಗ ಇಳಿಯುವುದನ್ನು ಕಂಡು, ಶಿಕ್ಷಕರಿಂದ ಮಾದರಿ ಹಾಳೆಯನ್ನು ಮುಂಚಿತವಾಗಿ ತರಿಸಿಕೊಂಡು ಗುಂಪಿಗೆ ಹಂಚುವುದನ್ನೂ, ಅವರು ಹೋದ ಮೇಲಿನ ಕೆಲವು ಸಭೆಗಳನ್ನು ಅದೇ ಶೈಲಿಗೆ ಮೀಸಲಿಡುವುದನ್ನೂ ರೂಢಿ ಮಾಡಿಕೊಂಡೆವು. ಮುಂದಿನ ಸಭೆಗಳಲ್ಲಿ ಅದನ್ನು ಮುಂದುವರಿಸುವ ಮನಸ್ಸಿಲ್ಲದ ವಿಷಯಕ್ಕೆ ಈಗ ನಾವು ಯಾರನ್ನೂ ಕರೆಸುವುದಿಲ್ಲ.

ಸಭೆಗಳ ನಡುವಿನ ದಿನಗಳಲ್ಲಿ ಗುಂಪನ್ನು ಹಿಡಿದಿಡುವುದು ಸುತ್ತುವ ಪುಸ್ತಕ. ಖಾಲಿ ಪುಟಗಳ ಚಿಕ್ಕ ಪುಸ್ತಕವೊಂದು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಪ್ರತಿಯೊಬ್ಬರೂ ಹಿಂದಿನವರ ಪುಟಕ್ಕೆ ಎದುರಾಗಿ ಒಂದು ಪುಟ ಬರೆಯಬೇಕು. ಅಂಚು, ಸಾಲುಗಳ ಅಂತರ ಮತ್ತು ಬರಹದ ಕಪ್ಪು ಎರಡು ಪುಟಗಳಲ್ಲೂ ಹೊಂದಬೇಕು, ಶೈಲಿ ಬೇರೆಯಿರಬಹುದು. ತನಗೆ ಇಷ್ಟವಿಲ್ಲದ ಶೈಲಿಯ ಎದುರು ಬರೆಯಬೇಕಾಗಿ ಬಂದವರು ಗೊಣಗುವುದುಂಟು, ಆದರೆ ಅತಿ ಎಚ್ಚರದಿಂದ ಬರೆದ ಪುಟಗಳು ಅವರವೇ ಆಗಿರುತ್ತವೆ.

ಶಾಲೆಗಳೂ ಸಂಘಗಳೂ ಪ್ರಮಾಣಪತ್ರಗಳಲ್ಲಿ ಹೆಸರು ಬರೆದುಕೊಡಿ ಎಂದು ಕೇಳಿಕೊಂಡು ಬರುವುದನ್ನು ಕೆಲವರು ಕೂಲಿ ಕೆಲಸವೆಂದು ಮೂಗು ಮುರಿಯುತ್ತಾರೆ. ನಾನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ. ನಿಗದಿಯಾದ ಗೆರೆಯ ನಡುವೆ ಉದ್ದವಾದ, ಗಿಡ್ಡವಾದ, ಒತ್ತುಗಳಿಂದ ತುಂಬಿದ ಹೆಸರುಗಳನ್ನು ಒಂದಾದ ಮೇಲೊಂದರಂತೆ ಕೂರಿಸುವುದಕ್ಕಿಂತ ಒಳ್ಳೆಯ ಅಂತರದ ಅಭ್ಯಾಸ ನನಗೆ ಗೊತ್ತಿಲ್ಲ. ಆ ಕೆಲಸದಿಂದಲೇ ನಮ್ಮಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ ಬೆಳೆಯಿತು: ಬರೆದವರು ತಮ್ಮ ಬರಹದ ಕಾಗುಣಿತವನ್ನು ತಾವೇ ತಿದ್ದುವಂತಿಲ್ಲ. ಬರೆಯದ ಇನ್ನೊಬ್ಬರು ಮೂಲಪಟ್ಟಿಯನ್ನು ಕೈಯಲ್ಲಿ ಹಿಡಿದು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಬೇಕು. ಬರೆಯುವಾಗ ಮನಸ್ಸು ಆಕಾರದ ಮೇಲೆ ನೆಟ್ಟಿರುವುದರಿಂದ ಅಲ್ಪಪ್ರಾಣದ ಜಾಗದಲ್ಲಿ ಮಹಾಪ್ರಾಣ, ಹ್ರಸ್ವದ ಜಾಗದಲ್ಲಿ ದೀರ್ಘ ನುಸುಳಿದರೆ ಬರೆದವರಿಗೆ ಅದು ಕಾಣಿಸುವುದೇ ಇಲ್ಲ.

ಪ್ರದರ್ಶನಕ್ಕೆ ಇಡುವ ಹಾಳೆಗಳಿಗೂ ಇದೇ ಪದ್ಧತಿ ಅನ್ವಯಿಸುತ್ತದೆ. ಅದರ ಮೇಲೆ ಇನ್ನೆರಡು ನಿಯಮಗಳನ್ನು ಸೇರಿಸಿದ್ದೇವೆ. ಕವಿತೆಯನ್ನು ಬರೆಯುವುದಾದರೆ ಹಕ್ಕುದಾರರ ಒಪ್ಪಿಗೆ ಮೊದಲು ಕೈಸೇರಬೇಕು. ಡೈ, ಅಂದರೆ ದ್ರವದಲ್ಲಿ ಕರಗಿದ ಬಣ್ಣದ ಮಸಿಗಳು ಬೆಳಕಿಗೆ ಮಾಸುವುದರಿಂದ ಗೋಡೆಗೆ ಹೋಗುವ ಹಾಳೆಗೆ ಪಿಗ್ಮೆಂಟ್, ಅಂದರೆ ಕರಗದ ಬಣ್ಣದ ಪುಡಿಯ ಮಸಿಯನ್ನೋ ಗ್ವಾಷನ್ನೋ ಮಾತ್ರ ಬಳಸಬೇಕು. ಯಾವ ಹಾಳೆ ಗೋಡೆಗೆ ಹೋಗಬೇಕೆಂದು ಗುಂಪು ಆರಿಸುವಾಗ ಕರಡುಗಳನ್ನೂ ತರಿಸಿಕೊಳ್ಳುತ್ತೇವೆ. ಅಂತಿಮ ಪ್ರತಿಗಿಂತ ಮೂರನೆಯದೋ ನಾಲ್ಕನೆಯದೋ ಕರಡಿನಲ್ಲಿ ಅಂತರ ಸಡಿಲವಾಗಿ, ಸರಾಗವಾಗಿ ಬಂದಿದ್ದರೆ ಆ ಕರಡನ್ನೇ ಪ್ರದರ್ಶನಕ್ಕಿಡುತ್ತೇವೆ, ಅದರ ಅಂಚಿನಲ್ಲಿ ಉಳಿದ ಪೆನ್ಸಿಲ್ ಗೆರೆಗಳನ್ನು ಅಳಿಸದೆಯೇ.